ಸೋಲಿಗರ ಪೋಡುಗಳಲ್ಲಿ ಸಿಕಲ್ ಸೆಲ್: ರಕ್ತ ಪರೀಕ್ಷೆ ಆದ ಮೇಲಿನ ಕೆಲಸ

ಬಿಳಿಗಿರಿರಂಗನ ಬೆಟ್ಟದ ಸುತ್ತಮುತ್ತಲ ಪೋಡುಗಳಲ್ಲಿ, ಅಂದರೆ ಸೋಲಿಗ ಬುಡಕಟ್ಟಿನವರ ಹಾಡಿಗಳಲ್ಲಿ, ನಾನು ನರ್ಸ್. ಬಸುರಿ ಬಾಣಂತಿಯರು, ಲಸಿಕೆ, ಟಿಬಿ, ಬಿಪಿ, ಶುಗರ್ ಎಲ್ಲವೂ ನನ್ನ ಕೆಲಸವೇ. ಆದರೆ ಕೆಲವು ವರ್ಷಗಳಿಂದ ನನ್ನ ತಲೆಯಲ್ಲಿ ಜಾಸ್ತಿ ಜಾಗ ಹಿಡಿದಿರುವುದು ಸಿಕಲ್ ಸೆಲ್. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಟೆಸ್ಟ್ ಹೇಗೆ ಮಾಡೋದು ಅಂತ ಕೇಳುತ್ತಾರೆ. ಟೆಸ್ಟ್ ಅರ್ಧ ದಿನದಲ್ಲಿ ಕಲಿಯಬಹುದು. ಅದಾದ ಮೇಲೆ ಏನು ಮಾಡಬೇಕು ಅನ್ನೋದಕ್ಕೇ ವರ್ಷಗಳು ಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಯಿಲೆ ಬಗ್ಗೆ ಎರಡು ಮಾತು. ದುಂಡಗಿರಬೇಕಾದ ಕೆಂಪು ರಕ್ತಕಣ ಇದರಲ್ಲಿ ಕುಡುಗೋಲಿನ ಹಾಗೆ ಬಾಗುತ್ತದೆ, ಗಟ್ಟಿಯಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಕೈಕಾಲು, ಸೊಂಟ, ಎದೆಯಲ್ಲಿ ತಡೆಯಲಾರದ ನೋವು. ಕಣ ಬೇಗ ಒಡೆಯುವುದರಿಂದ ರಕ್ತ ಕಮ್ಮಿ, ಕಣ್ಣು ಹಳದಿ. ಸೋಂಕು ತಡೆಯುವ ಅಂಗವಾದ ಗುಲ್ಮ (ಸ್ಪ್ಲೀನ್) ಕೆಲಸ ನಿಲ್ಲಿಸುವುದರಿಂದ ಚಿಕ್ಕ ಮಕ್ಕಳಿಗೆ ನ್ಯುಮೋನಿಯಾ ಥರದ ಸೋಂಕು ತಗುಲಿದರೆ ಜೀವಕ್ಕೇ ಅಪಾಯ. ತಂದೆ ತಾಯಿ ಇಬ್ಬರಿಂದಲೂ ಈ ಗುಣ ಬಂದರೆ ಮಾತ್ರ ಕಾಯಿಲೆ. ಒಬ್ಬರಿಂದ ಮಾತ್ರ ಬಂದವರು ವಾಹಕರು. ಅವರಿಗೆ ಸಾಮಾನ್ಯವಾಗಿ ಏನೂ ತೊಂದರೆ ಇರುವುದಿಲ್ಲ. ಮಲೇರಿಯಾ ಇದ್ದ ಕಾಡುಗಳಲ್ಲಿ ವಾಹಕರು ಹೆಚ್ಚು ಬದುಕಿ ಉಳಿದರು, ಹಾಗಾಗಿ ಈ ಗುಣವೂ ಉಳಿದುಕೊಂಡಿತು. ಭಾರತದಲ್ಲಿ ಇದು ಮೊದಲು ಗೊತ್ತಾಗಿದ್ದು ನಮ್ಮ ಪಕ್ಕದ ನೀಲಗಿರಿಯಲ್ಲೇ, 1952ರಲ್ಲಿ.

ಇದು ರಕ್ತದಲ್ಲೇ ಬಂದ ಕಾಯಿಲೆ, ನಾವೇನು ಮಾಡೋಕಾಗುತ್ತೆ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಇದೇ ಕಾಯಿಲೆ ಇರುವ ಮಗು ಒಳ್ಳೆ ಆಸ್ಪತ್ರೆಯ ಹತ್ತಿರ ಹುಟ್ಟಿದರೆ ಬೇಗ ಪತ್ತೆಯಾಗುತ್ತದೆ. ಐದು ವರ್ಷ ತುಂಬುವವರೆಗೆ ಸೋಂಕು ತಡೆಯುವ ಪೆನ್ಸಿಲಿನ್ ಸಿಗುತ್ತದೆ. ನ್ಯುಮೋನಿಯಾ ಲಸಿಕೆ ತಪ್ಪುವುದಿಲ್ಲ. ನೋವು ಪದೇ ಪದೇ ಬರದ ಹಾಗೆ ತಡೆಯುವ ಹೈಡ್ರಾಕ್ಸಿಯೂರಿಯಾ ಅನ್ನುವ ಔಷಧಿ ಶುರುವಾಗುತ್ತದೆ. ಆ ಮಗು ದೊಡ್ಡದಾಗುತ್ತದೆ, ಓದುತ್ತದೆ, ಮದುವೆಯಾಗುತ್ತದೆ. ಪೋಡಿನ ಮಗುವಿಗೆ ಇವೆಲ್ಲ ತಡವಾಗಿ ಸಿಗುತ್ತವೆ, ಇಲ್ಲಾ ಸಿಗುವುದೇ ಇಲ್ಲ. ರೋಗ ಒಂದೇ, ಆಯಸ್ಸು ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ ಸಾವಿರ ಮಕ್ಕಳಲ್ಲಿ 41.9 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತವೆ. ಪರಿಶಿಷ್ಟ ಪಂಗಡಗಳಲ್ಲಿ ಅದು 50.3. ಆ ವ್ಯತ್ಯಾಸ ರಕ್ತದಿಂದ ಬಂದಿದ್ದಲ್ಲ.

ಇನ್ನೊಂದು ವಿಷಯ. 1974ರಲ್ಲಿ ಈ ಬೆಟ್ಟದ ಕಾಡು ವನ್ಯಜೀವಿ ಧಾಮವಾಯಿತು. ಕಾಡಿನೊಳಗೆ ಜಾಗ ಬದಲಿಸುತ್ತಾ ರಾಗಿ, ಅವರೆ, ಸಾಸಿವೆ ಬೆಳೆಯುತ್ತಿದ್ದ ಜನರನ್ನು ಒಂದು ಕಡೆ ಕೂರಿಸಿದರು. ಬೇಟೆ ನಿಂತಿತು, ಗೆಡ್ಡೆ ಗೆಣಸು ಸೊಪ್ಪು ಕಮ್ಮಿಯಾಯಿತು, ತಟ್ಟೆಗೆ ರೇಷನ್ ಅಕ್ಕಿ ಬಂತು. ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿದ್ದು 2011ರಲ್ಲಿ. ರಕ್ತ ಕಮ್ಮಿ ಇರುವ ಹೆಣ್ಣುಮಗಳಿಗೆ ‘ಚೆನ್ನಾಗಿ ಊಟ ಮಾಡಮ್ಮ’ ಅನ್ನುವ ಮೊದಲು ನಮ್ಮಂಥವರು ಇದನ್ನೆಲ್ಲ ತಿಳಿದಿರಬೇಕು.

ಆರೋಗ್ಯದ ಕೆಲಸ ಇಲ್ಲಿ ಹೊಸದಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಹಳಬರು ಆ ಕಾಲದ ಕಥೆಗಳನ್ನು ಇನ್ನೂ ಹೇಳುತ್ತಾರೆ. 2023ರ ಜುಲೈ 1ರಂದು ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರುವಾದ ಮೇಲೆ ಪರೀಕ್ಷೆಯ ವೇಗ ಜಾಸ್ತಿಯಾಯಿತು. 40 ವರ್ಷದೊಳಗಿನ ಏಳು ಕೋಟಿ ಜನರನ್ನು ದೇಶದಾದ್ಯಂತ ಪರೀಕ್ಷಿಸಬೇಕು, 2047ರ ಹೊತ್ತಿಗೆ ಕಾಯಿಲೆ ಹೋಗಬೇಕು ಅನ್ನೋದು ಗುರಿ. ಗುರಿ ದೊಡ್ಡದು, ಒಳ್ಳೆಯದೇ. ಆದರೆ ಗುರಿ ಅಂದ ಕೂಡಲೇ ಮೇಲಿನವರು ಕೇಳುವುದು ಎಷ್ಟು ಟೆಸ್ಟ್ ಆಯಿತು ಅಂತ. ಪೋಡಿನವರು ಕೇಳುವುದು ಬೇರೆ.

ಒಂದು ಪೋಡಿನಲ್ಲಿ ಯಜಮಾನರ ಮನೆ ಜಗಲಿ ಮೇಲೆ ಕೂತು ಮಾತಾಡುತ್ತಿದ್ದೆ. ಒಬ್ಬ ಅಜ್ಜಿ ನೇರವಾಗಿ ಹೇಳಿದರು: ‘ಅವ್ವಾ, ಬತ್ತೀರಿ, ರಕ್ತ ತಕ್ಕೊಂಡು ಹೋಯ್ತೀರಿ. ಏನಿತ್ತು ಅಂತ ಒಬ್ರೂ ಬಂದು ಹೇಳಾಕಿಲ್ಲ.’ ನಿಜವೇ. ಸಮೀಕ್ಷೆ ಅಂತ, ಸಂಶೋಧನೆ ಅಂತ ಯಾರು ಯಾರೋ ಬಂದು ರಕ್ತ ತೆಗೆದುಕೊಂಡು ಹೋಗಿದ್ದರು. ವರದಿ ಪೋಡಿಗೆ ವಾಪಸ್ ಬಂದಿರಲಿಲ್ಲ. ಅವತ್ತೇ ನಾನು ಒಂದು ನಿಯಮ ಮಾಡಿಕೊಂಡೆ. ಹಿಂದೆ ತೆಗೆದ ರಕ್ತದ ಫಲಿತಾಂಶ ಮನೆಮನೆಗೆ ಹೇಳುವವರೆಗೆ ಆ ಪೋಡಿನಲ್ಲಿ ಹೊಸದಾಗಿ ಒಂದು ಹನಿ ರಕ್ತವನ್ನೂ ತೆಗೆಯಬಾರದು. ಇದರಿಂದ ನನ್ನ ತಿಂಗಳ ಲೆಕ್ಕ ಹಿಂದೆ ಬಿತ್ತು, ಮೀಟಿಂಗಿನಲ್ಲಿ ಮಾತು ಕೇಳಬೇಕಾಯಿತು. ಆದರೆ ಜನ ತಾವಾಗೇ ಮಕ್ಕಳನ್ನು ಕರೆದುಕೊಂಡು ಬರೋಕೆ ಶುರುಮಾಡಿದರು.

ಹೋಗುವ ಹೊತ್ತನ್ನೂ ಬದಲಿಸಿದೆವು. ಹಗಲು ಹನ್ನೊಂದಕ್ಕೆ ಕ್ಯಾಂಪ್ ಇಟ್ಟರೆ ಪೋಡಿನಲ್ಲಿ ಇರುವವರು ಮುದುಕರು, ಹಸುಗೂಸುಗಳು ಮಾತ್ರ. ಉಳಿದವರು ಕೂಲಿಗೋ, ಕಾಡಿನಿಂದ ಮರದ ಪಾಚಿ, ನೆಲ್ಲಿಕಾಯಿ ತರೋಕೋ ಹೋಗಿರುತ್ತಾರೆ. ಜೇನಿನ ಕಾಲದಲ್ಲಂತೂ ಗಂಡಸರು ಸಿಗುವುದೇ ಇಲ್ಲ. ಸಂಜೆ ಹೊತ್ತು ಆನೆ ಭಯ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೆ, ಒಲೆ ಹೊತ್ತಿಸುವ ಸಮಯಕ್ಕೆ ಹೋಗೋದು, ಇಲ್ಲವೇ ಪೋಡಿನಲ್ಲೇ ಉಳಿದುಕೊಳ್ಳೋದು. ರೊಟ್ಟಿ ಹಬ್ಬದ ಹಿಂದೆ ಮುಂದೆ ಎಲ್ಲರೂ ಊರಲ್ಲಿರುತ್ತಾರೆ. ಆದರೆ ಹಬ್ಬದ ದಿನ ಮಾತ್ರ ಸೂಜಿ ಹಿಡಿದು ಹೋಗಬಾರದು.

ಟೆಸ್ಟ್ ಹೀಗೆ. ಬೆರಳ ತುದಿ ಒರೆಸಿ, ಚುಚ್ಚಿ, ಸಣ್ಣ ಪಿಪೆಟ್‌ನಲ್ಲಿ ಒಂದಿಷ್ಟು ರಕ್ತ ಎಳೆದು, ದ್ರಾವಣ ಇರುವ ಗಾಜಿನ ಟ್ಯೂಬಿಗೆ ಬಿಡುತ್ತೇವೆ. ಐದು ನಿಮಿಷ ಕಾಯಬೇಕು. ಆಮೇಲೆ ಕಪ್ಪು ಗೆರೆ ಎಳೆದ ಬಿಳಿ ಹಾಳೆಯ ಮುಂದೆ ಟ್ಯೂಬ್ ಹಿಡಿಯಬೇಕು. ಗೆರೆಗಳು ಸ್ಪಷ್ಟ ಕಂಡರೆ ಸರಿ. ಮಬ್ಬಾಗಿ ಗೆರೆ ಕಾಣದಿದ್ದರೆ ಸಿಕಲ್ ಇದೆ ಅಂತ ಅರ್ಥ. ಆದರೆ ವಾಹಕರೋ ರೋಗಿಯೋ ಅನ್ನೋದು ಇದರಲ್ಲಿ ಗೊತ್ತಾಗಲ್ಲ. ಅದಕ್ಕೆ ಎಚ್‌ಪಿಎಲ್‌ಸಿ ಅನ್ನುವ, ಹಿಮೋಗ್ಲೋಬಿನ್ ವಿಧಗಳನ್ನು ಬೇರೆ ಮಾಡಿ ಅಳೆಯುವ ಪರೀಕ್ಷೆ ಬೇಕು, ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಹೋಗಬೇಕು. ಆರು ತಿಂಗಳೊಳಗಿನ ಕೂಸಿಗೆ ಈ ಟೆಸ್ಟ್ ನಂಬುವ ಹಾಗಿಲ್ಲ, ಹುಟ್ಟುವಾಗ ಇರುವ ಹಿಮೋಗ್ಲೋಬಿನ್ ಬೇರೆ. ರಕ್ತ ತೀರಾ ಕಮ್ಮಿ ಇದ್ದರೂ ಸುಳ್ಳು ಫಲಿತಾಂಶ ಬರಬಹುದು. ದ್ರಾವಣ ಬಿಸಿಲಲ್ಲಿ ಇಟ್ಟರೆ ಕೆಡುತ್ತದೆ. ಹಾಗಾಗಿ ಲಸಿಕೆ ಡಬ್ಬಿಯಲ್ಲೇ ಅದಕ್ಕೂ ಜಾಗ. ಟ್ಯೂಬನ್ನು ನಾನೊಬ್ಬಳೇ ನೋಡಲ್ಲ, ಮನೆಯವರ ಕೈಗೂ ಕೊಟ್ಟು ‘ಗೆರೆ ಕಾಣುತ್ತಾ?’ ಅಂತ ಕೇಳುತ್ತೇನೆ. ತಮ್ಮ ರಕ್ತದಲ್ಲಿ ಏನಿದೆ ಅಂತ ಅವರು ಕಣ್ಣಾರೆ ನೋಡಬೇಕು.

ವರದಿ ಬಂದ ಮೇಲಿನ ಕೆಲಸವೇ ಸೂಕ್ಷ್ಮ. ಕ್ಯಾಂಪಿನಲ್ಲಿ ಹೆಸರು ಕೂಗಿ ಫಲಿತಾಂಶದ ಕಾರ್ಡ್ ಹಂಚಿದರೆ ಏನಾಗುತ್ತದೆ? ಆ ಮನೆಯ ಹುಡುಗಿಗೆ ಗಂಡು ಸಿಗುವುದಿಲ್ಲ, ಅಷ್ಟೆ. ವಾಹಕ ಹುಡುಗಿಯೊಬ್ಬಳ ಮಾತುಕತೆ ಮುರಿದುಬಿದ್ದಿದ್ದನ್ನು ನಾನೇ ನೋಡಿದ್ದೇನೆ. ಗಂಡಿನ ರಕ್ತ ಪರೀಕ್ಷೆಯೇ ಆಗಿರಲಿಲ್ಲ! ಅದಕ್ಕೇ ಕಾರ್ಡ್ ಮನೆಯೊಳಗೆ ಕೂತೇ ಕೊಡುತ್ತೇವೆ. ಮೊದಲು ಅಪ್ಪ ಅವ್ವನ ಜೊತೆ, ಆಮೇಲೆ ಪ್ರಾಯದ ಹುಡುಗ ಹುಡುಗಿಯರ ಜೊತೆ ಪ್ರತ್ಯೇಕವಾಗಿ.

ಅರ್ಥ ಮಾಡಿಸೋಕೆ ಎರಡು ಬಟ್ಟಲು ಇಟ್ಟುಕೊಳ್ಳುತ್ತೇನೆ. ಒಂದು ಅಪ್ಪಂದು, ಒಂದು ಅವ್ವಂದು. ಇಬ್ಬರೂ ವಾಹಕರು ಅಂದುಕೊಳ್ಳಿ. ಎರಡರಲ್ಲೂ ಒಂದೊಂದು ಅವರೆಕಾಳು, ಒಂದೊಂದು ಅಂಟುವಾಳದ ಕಪ್ಪು ಬೀಜ. ಅಂಟುವಾಳ ಅವರೇ ಕಾಡಿಂದ ತರುವುದು, ಮನೆಯಲ್ಲೇ ಇರುತ್ತದೆ. ಕಣ್ಣು ಮುಚ್ಚಿಕೊಂಡು ಎರಡೂ ಬಟ್ಟಲಿಂದ ಒಂದೊಂದು ತೆಗೆಯಬೇಕು. ಎರಡೂ ಕಪ್ಪು ಬಂದರೆ ಮಗುವಿಗೆ ಕಾಯಿಲೆ. ಎರಡೂ ಅವರೆಯಾದರೆ ಏನೂ ಇಲ್ಲ. ಒಂದೊಂದಾದರೆ ವಾಹಕ. ತೆಗೆದದ್ದನ್ನು ವಾಪಸ್ ಹಾಕಿಸಿ, ಮತ್ತೆ ತೆಗೆಸಬೇಕು. ಇದು ಬಹಳ ಮುಖ್ಯ. ಯಾಕೆಂದರೆ ‘ನಾಲ್ಕರಲ್ಲಿ ಒಂದು’ ಅಂತ ಬಾಯಲ್ಲಿ ಹೇಳಿದರೆ, ಮೊದಲ ಮಗುವಿಗೆ ಕಾಯಿಲೆ ಬಂದಾಯ್ತು, ಇನ್ನು ಮೂರಕ್ಕೆ ಬರಲ್ಲ ಅಂತ ಅಂದುಕೊಳ್ಳುತ್ತಾರೆ. ಪ್ರತಿ ಬಸಿರಿಗೂ ಅದೇ ನಾಲ್ಕರಲ್ಲೊಂದು ಅಂತ ಬೀಜ ತೆಗೆದಾಗಲೇ ತಿಳಿಯುವುದು. ಸತತ ಎರಡು ಸಲ ಕಪ್ಪು ಬಂದಾಗ ಮನೆಯೇ ಸುಮ್ಮನಾಗುತ್ತದೆ. ಆಗ ಅವಸರ ಮಾಡದೆ ಕೂತಿರಬೇಕು, ಪ್ರಶ್ನೆಗಳು ಆಮೇಲೆ ಬರುತ್ತವೆ.

ಮದುವೆ ವಿಷಯ ಹೇಳೋಕೆ ಸೋಲಿಗರ ಕುಲದ ಪದ್ಧತಿಯೇ ನನಗೆ ನೆರವಾಯಿತು. ಒಂದೇ ಕುಲದೊಳಗೆ ಅವರು ಹೆಣ್ಣು ಕೊಟ್ಟು ತರುವುದಿಲ್ಲ. ‘ಸಂಬಂಧ ಕೇಳುವಾಗ ಕುಲ ಕೇಳ್ತೀರಲ್ಲ, ಹಾಗೇ ಕಾರ್ಡ್ ಕೂಡ ಕೇಳಿ’ ಅಂತ ಯಜಮಾನರೊಬ್ಬರೇ ನ್ಯಾಯದ ಕಟ್ಟೆಯಲ್ಲಿ ಹೇಳಿದರು. ನಾನು ಹತ್ತು ಸಲ ಹೇಳಿದ್ದಕ್ಕಿಂತ ಅದಕ್ಕೆ ಬೆಲೆ ಜಾಸ್ತಿ. ಆದರೂ ಒಂದು ಮಾತನ್ನು ನಾನು ಬಿಡದೆ ಸೇರಿಸುತ್ತೇನೆ: ವಾಹಕರು ಮದುವೆಯಾಗಬಾರದು ಅಂತಲ್ಲ. ಇಬ್ಬರು ವಾಹಕರು ಈಗಾಗಲೇ ಮದುವೆಯಾಗಿದ್ದರೆ ಅವರನ್ನು ದೂರುವುದೂ ಇಲ್ಲ. ಅವರಿಗೆ ಬಸಿರಿನಲ್ಲೇ ಪರೀಕ್ಷೆಯ ದಾರಿ ಹೇಳುತ್ತೇವೆ. ತೀರ್ಮಾನ ಅವರದು.

ಇನ್ನು ಕಾಯಿಲೆ ಇರುವವರು. ಒಬ್ಬ ಹುಡುಗಿ ಆಶ್ರಮ ಶಾಲೆಯಲ್ಲಿ ಓದುತ್ತಿದ್ದಳು. ಸಣ್ಣ ವಯಸ್ಸಿನಿಂದ ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ ನುಂಗಿದ್ದೇ ನುಂಗಿದ್ದು. ಚಳಿ, ಮಳೆ ಬಂದರೆ ಕೈಕಾಲು ನೋವು, ಶಾಲೆಗೆ ಚಕ್ಕರ್. ಸೋಮಾರಿ ಅಂತ ಹೆಸರು ಬೇರೆ. ಪರೀಕ್ಷೆ ಮಾಡಿದರೆ ಸಿಕಲ್ ಸೆಲ್. ಅವಳ ರಕ್ತ ಕಮ್ಮಿಯಾಗುತ್ತಿದ್ದದ್ದು ಕಣ ಒಡೆದು ಹೋಗುತ್ತಿದ್ದರಿಂದ. ಕಬ್ಬಿಣದಿಂದ ಅದು ಸರಿಯಾಗುವುದಲ್ಲ. ಫೋಲಿಕ್ ಆಸಿಡ್, ಹೈಡ್ರಾಕ್ಸಿಯೂರಿಯಾ ಶುರುವಾಯಿತು. ಹಾಸ್ಟೆಲ್ ವಾರ್ಡನ್‌ಗೆ ಮೂರೇ ವಿಷಯ ಬರೆದುಕೊಟ್ಟೆ. ನೀರು ಹೆಚ್ಚು ಕುಡಿಸಿ. ಚಳಿಯಲ್ಲಿ ತಣ್ಣೀರು ಸ್ನಾನ ಬೇಡ. ಜ್ವರ ಬಂದರೆ ಮಾರನೇ ದಿನಕ್ಕೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈಗ ಅವಳು ಪಿಯುಸಿ ಓದುತ್ತಿದ್ದಾಳೆ, ನೋವು ಬರುವುದು ಅಪರೂಪ.

ಹೈಡ್ರಾಕ್ಸಿಯೂರಿಯಾ ಒಳ್ಳೆ ಔಷಧಿ. ಆದರೆ ಪ್ರತಿದಿನ ನುಂಗಬೇಕು, ಶುರುವಿನಲ್ಲಿ ಆಗಾಗ ರಕ್ತದ ಕಣಗಳ ಎಣಿಕೆ ನೋಡಬೇಕು, ಬಸುರಿಯರಿಗೆ ಕೊಡುವ ಹಾಗಿಲ್ಲ. ಔಷಧಿ ದೂರದ ಆಸ್ಪತ್ರೆಯಲ್ಲಿ ಮಾತ್ರ ಸಿಗುವುದಾದರೆ ನಿಂತೇ ಹೋಗುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜ್ ಇಲ್ಲ, ಅದು ನಿಜವಾಗಿ ಅನುಕೂಲವಾಗಿದೆ. ಆದರೆ ಪೋಡಿನಿಂದ ಬಸ್ ನಿಲ್ಲುವ ಜಾಗಕ್ಕೆ ಕಾಡಿನ ದಾರಿ, ಒಂದು ದಿನದ ಕೂಲಿ ಹೋಗುತ್ತದೆ, ಮಗುವನ್ನು ಹೊತ್ತುಕೊಂಡೇ ನಡೆಯಬೇಕು. ಅದಕ್ಕೇ ಔಷಧಿಯನ್ನು ಆಶಾ ಕಾರ್ಯಕರ್ತೆಯ ಕೈಗೆ ತಲುಪಿಸಿ ಪೋಡಿನಲ್ಲೇ ಕೊಡಿಸುತ್ತೇವೆ. ಆಕೆ ಸೋಲಿಗರ ಹೆಣ್ಣುಮಗಳೇ. ಯಾರು ಯಾವ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗಿದ್ದಾರೆ, ಯಾವಾಗ ವಾಪಸ್ ಬರುತ್ತಾರೆ ಅಂತ ಆಕೆಗೆ ಗೊತ್ತು. ತೋಟಕ್ಕೆ ಹೋಗುವವರಿಗೆ ಜಾಸ್ತಿ ದಿನದ ಔಷಧಿ ಕಟ್ಟಿಕೊಡುವುದು ಆಕೆಯದೇ ಸಲಹೆ.

ನೋವು ಜೋರಾದಾಗ ಪಟ್ಟಣದ ಆಸ್ಪತ್ರೆಗೆ ಹೋದವರಿಗೆ ಬೇರೆಯದೇ ಕಷ್ಟ. ಒಬ್ಬ ಯುವಕನನ್ನು ‘ಕುಡಿದು ಬಂದಿದಾನೆ’ ಅಂತ ಹೊರಗೆ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರಿಸಿದ್ದರು. ಅವನು ಕುಡಿಯುವವನೇ ಅಲ್ಲ. ಕುಡಿಯುವವನಾಗಿದ್ದರೂ ನೋವು ನೋವೇ ಅಲ್ವಾ? ಆಮೇಲೆ ನಮ್ಮ ವೈದ್ಯರಿಂದ ಒಂದು ಚೀಟಿ ಬರೆಸಿ, ಸಹಿ ಸೀಲು ಹಾಕಿಸಿ, ಕಾಯಿಲೆ ಇರುವ ಎಲ್ಲರ ಕಾರ್ಡಿನ ಹಿಂದೆ ಅಂಟಿಸಿದೆವು. ಇವರಿಗೆ ಸಿಕಲ್ ಸೆಲ್ ಇದೆ, ತಕ್ಷಣ ನೋವಿನ ಔಷಧಿ ಕೊಡಿ, ನೀರಿನಂಶ ನೋಡಿ, ಉಸಿರಾಟದ ತೊಂದರೆ ಇದ್ದರೆ ದಾಖಲು ಮಾಡಿ, ಈ ನಂಬರಿಗೆ ಫೋನ್ ಮಾಡಿ. ಈಗ ಫೋನ್ ಬರುತ್ತದೆ. ರಾತ್ರಿ ಹೊತ್ತೂ ಬರುತ್ತದೆ, ಬರಲಿ.

ಪ್ರಧಾನಮಂತ್ರಿ ಜನಮನ್ ಯೋಜನೆಯಲ್ಲಿ ಸಂಚಾರಿ ಆರೋಗ್ಯ ವಾಹನಗಳಿವೆ. ಅದು ಅತಿ ಹಿಂದುಳಿದ ಬುಡಕಟ್ಟುಗಳಿಗೆ. ಕರ್ನಾಟಕದಲ್ಲಿ ಜೇನು ಕುರುಬರು, ಕೊರಗರು ಆ ಪಟ್ಟಿಯಲ್ಲಿದ್ದಾರೆ, ಸೋಲಿಗರು ಇಲ್ಲ. ಪಟ್ಟಿ ಏನೇ ಇರಲಿ, ರಸ್ತೆ ಇಲ್ಲದ ಪೋಡಿನಿಂದ ರೋಗಿಯನ್ನು ಡೋಲಿಯಲ್ಲಿ ಹೊತ್ತು ತರುವ ಕಷ್ಟ ಎಲ್ಲರಿಗೂ ಒಂದೇ.

ಸದ್ಯಕ್ಕೆ ನಮ್ಮ ಮುಂದಿರುವ ಕೆಲಸ ಹಸುಗೂಸುಗಳದು. ವಾಹಕ ತಾಯಂದಿರ ಪಟ್ಟಿ ನಮ್ಮ ಹತ್ತಿರ ಇದೆ. ಅವರ ಹೆರಿಗೆ ಆದ ಕೂಡಲೇ ಮಗುವಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಲ್ಯಾಬಿಗೆ ಕಳಿಸಬೇಕು, ವರದಿ ಮಗುವಿಗೆ ಎರಡು ತಿಂಗಳು ತುಂಬುವುದರೊಳಗೆ ಮನೆಗೆ ಮುಟ್ಟಬೇಕು, ಕಾಯಿಲೆ ಇದ್ದರೆ ಪೆನ್ಸಿಲಿನ್ ಆಗಲೇ ಶುರುವಾಗಬೇಕು. ಪೆನ್ಸಿಲಿನ್ ಸಿರಪ್ಪು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ದಾಸ್ತಾನಿನಲ್ಲಿ ಸದಾ ಇರಲಿ ಅಂತ ಬರೆದು ಕೇಳಿದ್ದೇನೆ. ಮಳೆಗಾಲಕ್ಕೆ ಮುಂಚೆ ಬಂದರೆ ಒಳ್ಳೆಯದು, ಆಮೇಲೆ ಮೇಲಿನ ಪೋಡುಗಳ ದಾರಿ ಕಷ್ಟವಾಗುತ್ತದೆ.