ಹೂ ಬಿಟ್ಟು ಎಲೆ ನೋಡಿದಾಗ: ಗುರಿಗೆ ಗಿಡ ಗುರುತಿಸಿದ ನನ್ನ ಅನುಭವ

ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ಗುರಿಗೆ, ಅಂದರೆ ಎಷ್ಟೋ ವರ್ಷಕ್ಕೊಮ್ಮೆ ಹೂ ಬಿಡುವ ಬೆಟ್ಟದ ಗಿಡ, ಹೂ ಬಿಟ್ಟಿದೆ ಅಂತ ಕೇಳಿ ಒಂದು ಸೆಪ್ಟೆಂಬರ್‌ನಲ್ಲಿ ಹೋಗಿದ್ದೆ. ಇಳಿಜಾರು ಪೂರ್ತಿ ನೀಲಿ. ಅಲ್ಲಿದ್ದವರೆಲ್ಲ ನೀಲಕುರಿಂಜಿ, ಹನ್ನೆರಡು ವರ್ಷಕ್ಕೊಮ್ಮೆ ಬಿಡೋದು ಎನ್ನುತ್ತಿದ್ದರು. ನಾನೂ ನಂಬಿದೆ. ನಲವತ್ತು ಫೋಟೊ ತೆಗೆದೆ, ಎಲ್ಲವೂ ಹೂವಿನದ್ದೇ.

ಮನೆಗೆ ಬಂದು ಹೆಸರು ಬರೆಯಲು ಕೂತಾಗ ತೊಂದರೆ ಗೊತ್ತಾಯಿತು. ಗುರಿಗೆ ಸೇರಿರುವುದು ಸ್ಟ್ರೊಬಿಲ್ಯಾಂಥಿಸ್ ಎಂಬ ಜಾತಿಗೆ, ಪಶ್ಚಿಮ ಘಟ್ಟದಲ್ಲಿ ಆ ಜಾತಿಯ ಗಿಡಗಳು ಹತ್ತಾರು ಬಗೆ ಇವೆ. ಎಷ್ಟೋ ಬಗೆಗಳಲ್ಲಿ ಇದೇ ನೀಲಿ, ಇದೇ ಆಲಿಕೆಯಂಥ ಹೂ. ಬಣ್ಣವನ್ನಂತೂ ನಂಬಲೇಬೇಡಿ, ಫೋನಿನ ಕ್ಯಾಮೆರಾದಲ್ಲಿ ನೇರಳೆಯೂ ನೀಲಿಯಾಗಿ ಬಿಡುತ್ತದೆ.

ಎರಡು ವಾರ ಬಿಟ್ಟು ಮತ್ತೆ ಹೋದೆ, ಈ ಸಲ ಕೈಯಲ್ಲಿ ಒಂದು ಚಿಕ್ಕ ಲೆನ್ಸ್ ಇತ್ತು. ಮೊದಲು ಎಳೆ ಕಾಂಡವನ್ನು ಬೆರಳಲ್ಲಿ ಹಿಡಿದು ಹೊರಳಿಸಿದೆ. ನಾಲ್ಕು ಮೂಲೆ ಕೈಗೆ ಸಿಕ್ಕಿತು. ಎಲೆಗಳು ಎದುರುಬದುರು ಜೋಡಿ. ಆದರೆ ತುಳಸಿಯ ಕಾಂಡಕ್ಕೂ ನಾಲ್ಕು ಮೂಲೆ, ಲಂಟಾನಕ್ಕೂ ಹಾಗೇ, ಅಲ್ವಾ? ಅದಕ್ಕೇ ಹೂವನ್ನೂ ಸರಿಯಾಗಿ ನೋಡಿದೆ. ತುಳಸಿ ಹೂವಿಗೆ ಮೇಲೊಂದು ಕೆಳಗೊಂದು ತುಟಿ ಇರುತ್ತದೆ, ಇಲ್ಲಿ ಐದು ಎಸಳುಗಳೂ ಹೆಚ್ಚುಕಮ್ಮಿ ಒಂದೇ ಅಳತೆ.

ಆಮೇಲೆ ಎಲೆ ಕಾಂಡಕ್ಕೆ ಕೂಡುವ ಜಾಗ ನೋಡಿದೆ. ತೊಟ್ಟೇ ಇಲ್ಲ! ಎಲೆಯ ಬುಡ ನೇರವಾಗಿ ಕಾಂಡಕ್ಕೆ ಅಂಟಿ ಕೂತಿದೆ, ಮೈಯೆಲ್ಲ ಒರಟು ರೋಮ. ನೀಲಕುರಿಂಜಿಯ, ಅಂದರೆ ಈ ಜಾತಿಯ ಕುಂತಿಯಾನಾ ಎಂಬ ಬಗೆಯ, ಎಲೆಗೆ ತೊಟ್ಟಿರುತ್ತದೆ. ತೊಟ್ಟಿಲ್ಲದ್ದು ಸೆಸಿಲಿಸ್ ಎಂಬ ಇನ್ನೊಂದು ಬಗೆ, ಅದರ ಹೆಸರಿನ ಅರ್ಥವೇ ತೊಟ್ಟಿಲ್ಲದ್ದು ಅಂತ. ಒಂದೇ ಗಿಡ ನೋಡಿ ತೀರ್ಮಾನಿಸಬಾರದು ಅಂತ ಸುಮಾರು ಇಪ್ಪತ್ತು ಗಿಡ ನೋಡಿದೆ. ಎಲ್ಲದರಲ್ಲೂ ಅದೇ.

ಇಳಿಯುವಾಗ ದಾರಿಯಲ್ಲಿ ದನ ಹೊಡೆದುಕೊಂಡು ಬರುತ್ತಿದ್ದ ಅಜ್ಜ ಒಬ್ಬರು ಸಿಕ್ಕರು. ಈ ಜಾಗದಲ್ಲಿ ಹಿಂದೆ ಯಾವಾಗ ಹೂ ಬಿಟ್ಟಿತ್ತು ಅಜ್ಜ ಅಂತ ಕೇಳಿದೆ. "ನನ್ನ ಮಗಳ ಮದುವೆ ವರ್ಷ ಮಾರಾಯ, ಏಳು ವರ್ಷ ಆಯ್ತು" ಎಂದರು. ಸೆಸಿಲಿಸ್ ಹೂ ಬಿಡುವುದೂ ಏಳು ವರ್ಷಕ್ಕೊಮ್ಮೆಯೇ. ಮೈ ಜುಮ್ಮೆಂದಿತು. ನನ್ನ ಲೆನ್ಸ್ ಹೇಳಿದ್ದನ್ನು ಅವರ ನೆನಪು ಹೇಳಿತ್ತು.

ನೀವು ಹೋಗುವುದಾದರೆ ದಯವಿಟ್ಟು ಕೀಳಬೇಡಿ. ಈ ಗಿಡ ಬದುಕಿನಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು ಬೀಜ ಕಟ್ಟಿ ಒಣಗುತ್ತದೆ, ಹೂ ಕಿತ್ತರೆ ಏಳು ವರ್ಷದ ಫಲವೇ ಹೋಯಿತು. ಕುಂತಿಯಾನಾ ಈಗ ವನ್ಯಜೀವಿ ಕಾಯ್ದೆಯ 3ನೇ ಅನುಸೂಚಿಯಲ್ಲೂ, ಅಂದರೆ ರಕ್ಷಿತ ಗಿಡಗಳ ಪಟ್ಟಿಯಲ್ಲೂ ಇದೆ. ಗುರುತಿಸಲು ಫೋಟೊ ಸಾಕು: ಎಲೆಯ ಬುಡ, ಎಲೆಯ ಹಿಂಬದಿ, ಕಾಂಡ, ಹೂಗೊಂಚಲನ್ನು ಪಕ್ಕದಿಂದ. ಅಳತೆಗೆ ಪಕ್ಕದಲ್ಲಿ ಬೆರಳು ಇಟ್ಟುಕೊಳ್ಳಿ.

ಮುಂದಿನ ಮಳೆಗಾಲದಲ್ಲಿ ಅದೇ ಇಳಿಜಾರಿಗೆ ಹೋದೆ. ನೀಲಿ ಇರಲಿಲ್ಲ, ಜನವೂ ಇರಲಿಲ್ಲ. ಒಣಗಿದ ಕಡ್ಡಿಗಳ ಬುಡದಲ್ಲಿ ಬೆರಳುದ್ದದ ಸಸಿಗಳು ಎದ್ದಿದ್ದವು, ಎಲೆಗಳು ಎದುರುಬದುರು ಜೋಡಿ ಜೋಡಿ. ಮಂಡಿಯೂರಿ ಕೂತು ಅವುಗಳದ್ದೂ ಫೋಟೊ ತೆಗೆದೆ.