ಮೂರು ವಾರದ ನೆಗೆಟಿವ್: ನನ್ನ ಅನುಭವ

ಗಾಳಿಯಲ್ಲಿ ವೈರಸ್ ಇದೆಯಾ ಅಂತ ನೋಡಲು ಲೈಬ್ರರಿಯ ಓದುವ ಕೋಣೆಯಲ್ಲಿ ಗಾಳಿ ಎಳೆಯುವ ಪಂಪ್ ಇಟ್ಟೆ. ಮೊದಲ ಮೂರು ವಾರ ಎಲ್ಲವೂ ನೆಗೆಟಿವ್. ಅದು ನೆಗಡಿ, ಜ್ವರದ ಕಾಲ. ಓದಲು ಕೂತವರಲ್ಲಿ ಇಬ್ಬರು ಮೂವರಾದರೂ ಕೆಮ್ಮುತ್ತಿದ್ದರು. ಆದರೂ ಫ್ಲೂ ಇಲ್ಲ, ಕೊರೊನಾ ಇಲ್ಲ, ಮಾಮೂಲಿ ನೆಗಡಿ ತರುವ ರೈನೋವೈರಸ್ ಕೂಡ ಇಲ್ಲ. ಗಾಳಿ ಚೆನ್ನಾಗಿದೆ ಅಂತ ಲೈಬ್ರರಿ ನೋಡಿಕೊಳ್ಳುವವರಿಗೆ ಹೇಳಿಯೂಬಿಟ್ಟೆ. ಚಳಿ ಬೇರೆ. ಅವರು ಕಿಟಕಿ ಮುಚ್ಚಿಯೇ ಇಟ್ಟರು.

ನಮ್ಮ ಪಂಪ್ ನಿಮಿಷಕ್ಕೆ 50 ಲೀಟರ್ ಗಾಳಿ ಎಳೆಯುತ್ತದೆ. 8 ಗಂಟೆಗೆ 24,000 ಲೀಟರ್. ಸುಮ್ನೆ ಕೂತು ಓದುವವರು ನಿಮಿಷಕ್ಕೆ ಉಸಿರಾಡುವುದು 6ರಿಂದ 8 ಲೀಟರ್. ಅಂದರೆ ಆರರಿಂದ ಎಂಟು ಜನ ಅಷ್ಟು ಹೊತ್ತು ಉಸಿರಾಡುವ ಗಾಳಿ ಒಂದೇ ಫಿಲ್ಟರ್ ದಾಟಬೇಕು. ಸಂಜೆ ಆ ಫಿಲ್ಟರನ್ನು ಚಿಮಟದಲ್ಲಿ ಎತ್ತಿ ಟ್ಯೂಬಿಗೆ ಹಾಕಿ, ಐಸ್ ಪೆಟ್ಟಿಗೆಯಲ್ಲಿ ಲ್ಯಾಬಿಗೆ ಒಯ್ಯುತ್ತೇನೆ. ಅಲ್ಲಿ ತೊಳೆದು, ವೈರಸ್‌ನ ಜೀನ್‌ಗಳಿರುವ ಆರ್‌ಎನ್‌ಎ ಬೇರೆ ಮಾಡಿ, ಅದನ್ನು ಹುಡುಕುವ ಪಿಸಿಆರ್ ಪರೀಕ್ಷೆ.

ಅನುಮಾನ ಹುಟ್ಟಿಸಿದ್ದು ಪಕ್ಕದಲ್ಲಿಟ್ಟಿದ್ದ ಕಾರ್ಬನ್ ಡೈಆಕ್ಸೈಡ್ ಮೀಟರ್. ಹೊರಗೆ ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ 420) ಇರುವಾಗ ಕೋಣೆಯೊಳಗೆ 1,400 ತೋರಿಸುತ್ತಿತ್ತು. ಜನ ಬಿಟ್ಟ ಉಸಿರು ಅಲ್ಲೇ ತುಂಬಿದೆ, ಅಲ್ವಾ? ಮೂಗಿನ ಸ್ವಾಬ್ ಸರಿಯಾಗಿ ತೆಗೆದಿದ್ದಾರಾ ಅಂತ ತಿಳಿಯಲು ಕೊರೊನಾ ಪರೀಕ್ಷೆಯಲ್ಲಿ ಆರ್‌ನೇಸ್ ಪಿ ಅನ್ನುವ ಮನುಷ್ಯರ ಜೀನ್ ಹುಡುಕುತ್ತಿದ್ದರು. ಜನ ತುಂಬಿದ ಕೋಣೆಯ ಗಾಳಿಯಲ್ಲೂ ಅದು ಸಿಗಬೇಕು. ಫ್ರೀಜರಿನಲ್ಲಿ ಉಳಿದಿದ್ದ ಸ್ಯಾಂಪಲ್‌ಗಳಲ್ಲಿ ಹುಡುಕಿದೆ. ಒಂದರಲ್ಲೂ ಇರಲಿಲ್ಲ.

ಫಿಲ್ಟರ್ ಕೂರಿಸುವ ಹೋಲ್ಡರ್ ಬಿಚ್ಚಿ ಬೆಳಕಿಗೆ ಹಿಡಿದೆ. ಫಿಲ್ಟರಿನ ಕೆಳಗಿನ ಕಪ್ಪು ರಬ್ಬರ್ ರಿಂಗ್ ಒಂದು ಕಡೆ ಮಡಚಿಕೊಂಡು ತನ್ನ ತೋಡಿನಿಂದ ಎದ್ದಿತ್ತು. ಆ ಸಂದಿಯಲ್ಲಿ ಕೋಣೆಯ ಗಾಳಿ ಬದಿಯಿಂದ ನುಗ್ಗಿ, ಫಿಲ್ಟರ್ ತಪ್ಪಿಸಿ ನೇರ ಪಂಪಿಗೆ ಹೋಗುತ್ತಿತ್ತು. ಗಾಳಿಯ ಹರಿವು ಅಳೆಯುವ ಫ್ಲೋ ಮೀಟರನ್ನು ನಾನು ಹಾಕಿದ್ದು ಪಂಪಿನ ಬದಿಗೆ. ಅದು ದಿನವೂ 50 ಅಂತಲೇ ತೋರಿಸುತ್ತಿತ್ತು! ಈಗ ಹೋಲ್ಡರಿನ ಬಾಯಿಗೇ ಮೀಟರ್ ಹಿಡಿದು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಅಳೆಯುತ್ತೇನೆ. ಆರ್‌ನೇಸ್ ಪಿ ಕಾಣದಿದ್ದರೆ ನೆಗೆಟಿವ್ ಅಂತ ಬರೆಯುವುದಿಲ್ಲ. ಪಂಪಿಗೆ ಹಾಕದ ಒಂದು ಖಾಲಿ ಫಿಲ್ಟರ್ ಕೂಡ ಜೊತೆಗೇ ಹೋಗಿ ಬರುತ್ತದೆ. ಅದರಲ್ಲಿ ವೈರಸ್ ಕಂಡರೆ ಕೊಳೆ ನಮ್ಮ ಕೈಯಿಂದ ಬಂದದ್ದು.

ರಿಂಗ್ ಬದಲಿಸಿದ ವಾರವೇ ರೈನೋವೈರಸ್ ಸಿಕ್ಕಿತು, ಆಮೇಲೆ ಫ್ಲೂ. ಪಿಸಿಆರ್ ಕಾಣುವುದು ಆರ್‌ಎನ್‌ಎ ಮಾತ್ರ. ಆ ವೈರಸ್‌ಗೆ ಸೋಂಕು ಹರಡುವ ಶಕ್ತಿ ಉಳಿದಿದೆಯಾ, ಯಾರಿಂದ ಬಂತು, ಅದು ಹೇಳುವುದಿಲ್ಲ. ಆದರೂ ಕಿಟಕಿ ತೆರೆಯಿರಿ ಅನ್ನಲು ನನಗೆ ಅಷ್ಟು ಸಾಕಿತ್ತು.

ಲೈಬ್ರರಿಗೆ ಹೋಗಿ ನಡೆದದ್ದನ್ನು ಹೇಳಿದೆ. ರಿಜಿಸ್ಟರಿನಲ್ಲಿ ಆ ಮೂರು ವಾರದ ‘ನೆಗೆಟಿವ್’ ಹೊಡೆದುಹಾಕಿ, ‘ಸ್ಯಾಂಪಲ್ ಸಿಕ್ಕಿಲ್ಲ’ ಅಂತ ಕೆಂಪು ಶಾಯಿಯಲ್ಲಿ ಬರೆದೆ.