ಡೇಟಾ ಹಂಚಿಕೆಗೆ ಸಂಸ್ಥೆ ತಯಾರಾಗಬೇಕೇ? ಒಪ್ಪಿಗೆ ಪತ್ರದಿಂದ ಶುರು ಮಾಡಿ

ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿದ್ದೇನೆ. ಗ್ರಾಂಟ್ ಅರ್ಜಿಯ ಕೊನೇ ದಿನ ಹತ್ತಿರ ಬಂತೆಂದರೆ ಸಂಶೋಧಕರು "ಮೇಡಂ, ಡೇಟಾ ಪ್ಲಾನ್ ಕೇಳ್ತಿದ್ದಾರೆ, ಒಂದು ಸ್ಯಾಂಪಲ್ ಕೊಡಿ" ಎಂದು ಬರುತ್ತಾರೆ. ಡೇಟಾವನ್ನು ಹೇಗೆ ಇಟ್ಟುಕೊಳ್ಳುತ್ತೇವೆ, ಬೇರೆಯವರ ಜೊತೆ ಹೇಗೆ ಹಂಚುತ್ತೇವೆ ಎಂದು ಬರೆದುಕೊಡುವ ಯೋಜನೆ ಅದು. ಸ್ಯಾಂಪಲ್ ಕೊಡಬಹುದು. ಆದರೆ ಬರೆದದ್ದನ್ನು ಆಮೇಲೆ ಮಾಡಬೇಕಲ್ವಾ? ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ 2023ರ ಜನವರಿ 25ರಿಂದ ಈ ಯೋಜನೆಯನ್ನು ಅರ್ಜಿಯ ಜೊತೆಗೇ ಕೇಳುತ್ತಿದೆ. ಒಮ್ಮೆ ಮಂಜೂರಾದರೆ ಅದು ಗ್ರಾಂಟಿನ ಷರತ್ತೇ ಆಗಿಬಿಡುತ್ತದೆ.

ಮೊದಲು ಅಧ್ಯಯನಕ್ಕೆ ಮಾಹಿತಿ ಕೊಡುವವರು ಸಹಿ ಹಾಕುವ ಒಪ್ಪಿಗೆ ಪತ್ರ ತೆಗೆದು ನೋಡಿ. ಹಳೆಯ ಕನ್ನಡ ನಮೂನೆಗಳಲ್ಲಿ "ನಿಮ್ಮ ಮಾಹಿತಿಯನ್ನು ಈ ಅಧ್ಯಯನಕ್ಕೆ ಮಾತ್ರ ಬಳಸಿ, ನಂತರ ನಾಶಪಡಿಸಲಾಗುವುದು" ಎಂಬ ಸಾಲು ಇರುತ್ತದೆ. ಅದಕ್ಕೆ ಸಹಿ ಬಿದ್ದರೆ ಹಂಚಿಕೆಯ ಮಾತೇ ಇಲ್ಲ. ಮತ್ತೆ ಮನೆ ಮನೆ ಸುತ್ತಿ ಸಹಿ ಹಾಕಿಸುವುದು ಆಗುವ ಕೆಲಸವಲ್ಲ. ಅದರ ಬದಲು ಹೀಗೆ ಬರೆಯಿರಿ: "ಹೆಸರು, ವಿಳಾಸ, ಫೋನ್ ನಂಬರ್ ತೆಗೆದ ಮೇಲೆ ನಿಮ್ಮ ಮಾಹಿತಿಯನ್ನು ಬೇರೆ ಸಂಶೋಧಕರೂ ಬಳಸಬಹುದೇ? ಹೌದು / ಇಲ್ಲ." ಇಲ್ಲ ಎಂದವರೂ ಅಧ್ಯಯನದಲ್ಲಿ ಇರಬಹುದು ಎಂಬುದನ್ನೂ ಸೇರಿಸಿ. ಎಥಿಕ್ಸ್ ಕಮಿಟಿಯವರ ಜೊತೆ ಕೂತು ಇಡೀ ಸಂಸ್ಥೆಯ ನಮೂನೆಯನ್ನೇ ತಿದ್ದಿಸಿ. ಒಂದೊಂದೇ ಲ್ಯಾಬಿನದು ತಿದ್ದುತ್ತಾ ಹೋದರೆ ಮುಗಿಯುವುದಿಲ್ಲ.

ಹೆಸರು ಅಳಿಸಿದರಷ್ಟೇ ಸಾಲದು. ಅಪರೂಪದ ಕಾಯಿಲೆ, ವಯಸ್ಸು, ತಾಲೂಕು ಮೂರೂ ಒಟ್ಟಿಗಿದ್ದರೆ ಅದು ಯಾರೆಂದು ಆ ಊರಿನವರು ಹೇಳಿಬಿಡುತ್ತಾರೆ.

ಆಮೇಲೆ ಎಕ್ಸೆಲ್ ಶೀಟ್. ಎಸ್‌ಇಪಿಟಿ2 (SEPT2) ಎಂಬ ಜೀನ್‌ನ ಹೆಸರನ್ನು ಎಕ್ಸೆಲ್ ತಾರೀಖು ಎಂದುಕೊಂಡು, ಅದು ಅಲ್ಲಿ ಸೆಪ್ಟೆಂಬರ್ 2 ಆಗಿ ಕೂತಿರುತ್ತದೆ. (ಈ ಕಾಟ ತಾಳಲಾರದೆ ಜೀನ್‌ಗಳ ಹೆಸರನ್ನೇ ಬದಲಿಸಿದರು!) "ಬಿಪಿ2" ಎಂಬ ಕಾಲಂ ಎರಡನೇ ಭೇಟಿಯದೋ, ಅದೇ ದಿನದ ಎರಡನೇ ರೀಡಿಂಗೋ? ಗೊತ್ತಿದ್ದ ವಿದ್ಯಾರ್ಥಿ ಪೋಸ್ಟ್‌ಡಾಕ್‌ಗೆ ಹೋಗಿಯಾಗಿದೆ. ಪ್ರತಿ ಶೀಟಿಗೂ ಒಂದು ಟೆಕ್ಸ್ಟ್ ಫೈಲ್ ಇರಲಿ: ಕಾಲಂ ಹೆಸರು, ಅರ್ಥ, ಯೂನಿಟ್, 99 ಎಂಬಂಥ ಕೋಡ್ ಹಾಕಿದ್ದರೆ ಅದರ ಅರ್ಥ ಏನು.

ಎಲ್ಲಿ ಇಡುವುದು ಎಂಬುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಜೀವವಿಜ್ಞಾನದ ಡೇಟಾಗೆ ಫರೀದಾಬಾದಿನ ಐಬಿಡಿಸಿ (ಇಂಡಿಯನ್ ಬಯಲಾಜಿಕಲ್ ಡೇಟಾ ಸೆಂಟರ್) ಇದೆ, ಚಿಕ್ಕಪುಟ್ಟದ್ದಕ್ಕೆ ಜೆನೋಡೊ ಎಂಬ ಆನ್‌ಲೈನ್ ಡೇಟಾ ಭಂಡಾರ ಸಾಕು. ಇದಕ್ಕೆ ತಗಲುವ ಖರ್ಚನ್ನು ಬಜೆಟ್‌ನಲ್ಲೇ ತೋರಿಸಿ, ಎನ್‌ಐಎಚ್ ಅದಕ್ಕೆ ಅವಕಾಶ ಕೊಡುತ್ತದೆ. ಎನ್‌ಐಎಚ್ ನಿಯಮದಂತೆ ಪೇಪರ್ ಪ್ರಕಟವಾಗುವುದು, ಗ್ರಾಂಟ್ ಮುಗಿಯುವುದು, ಇವೆರಡರಲ್ಲಿ ಯಾವುದು ಮೊದಲೋ ಅಷ್ಟರೊಳಗೆ ಡೇಟಾ ಹಂಚಿರಬೇಕು.

ಇನ್ನೊಂದು: ವಿದ್ಯಾರ್ಥಿ ಬಿಟ್ಟು ಹೋಗುವಾಗ ನೋ ಡ್ಯೂಸ್ ಫಾರಂಗೆ ಲೈಬ್ರರಿಯ ಸಹಿ ಬೇಕೇ ಬೇಕು. ಅದರಲ್ಲಿ "ಡೇಟಾ ಒಪ್ಪಿಸಿದ್ದಾರೆ" ಎಂಬ ಸಾಲೊಂದನ್ನು ಸೇರಿಸಿಬಿಡಿ.